ಮೇಲಿನ ಮನೆ ಖಾಲಿ ಇತ್ತು

ದಾವಣಗೆರೆಯ ನಿಟ್ಟುವಳ್ಳಿಯ ಆ ಮನೆಗೆ ನಾವು ಬಾಡಿಗೆಗೆ ಬಂದದ್ದೇ ಒಂದು ಸುಳ್ಳು ಹೇಳಿ. ಮಾಲೀಕರು ನಿವೃತ್ತ ಅಧಿಕಾರಿ, ನಿಜಲಿಂಗಪ್ಪ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡು ಇದ್ದವರು. ಮೊದಲ ಸಲ ಅವರ ವರಾಂಡದಲ್ಲಿ ಕೂತಾಗ ನನ್ನ ಗಂಡನ ಕೆಲಸ ಕೇಳಿದರು, ನನ್ನ ಕೆಲಸ ಕೇಳಿದರು, ಊರು ಕೇಳಿದರು. ಆಮೇಲೆ ಚಹಾದ ಲೋಟ ಕೆಳಗಿಟ್ಟು, ‘ಮತ್ತೆ, ನಿಮ್ಮದು ಯಾವ ಜನ?’ ಎಂದರು. ನನ್ನ ಗಂಡ ಹೇಳಿದರು. ಮಾಲೀಕರು ಗೇಟಿನ ಕಡೆ ನೋಡಿದರು.

‘ಹಂಗಾದ್ರೆ ಮಾಂಸ, ಮೀನು...’

‘ಇಲ್ರಿ ಸರ್. ಬಿಟ್ಟು ಭಾಳ ವರ್ಷ ಆತು.’

ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ತವರು ಕೊಂಡಜ್ಜಿ. ಕೆರೆಯ ಏರಿ ಇಳಿದರೆ ನಮ್ಮ ಹೊಲ. ಹಿಂದಿನ ಭಾನುವಾರವಷ್ಟೇ ಅಣ್ಣ ತಂದ ಮೀನಿನ ಸಾರು ಉಂಡು ಬಂದಿದ್ದೆ. ತಲೆ ತಗ್ಗಿಸಿಕೊಂಡು ಸೆರಗಿನ ದಾರ ಕೀಳುತ್ತ ಕೂತೆ. ಅದು ನಾವು ನೋಡಿದ ಐದನೆಯ ಮನೆ. ಮಗಳಿಗೆ ಶಾಲೆ ಹತ್ತಿರ, ಗಂಡನ ಮೋಟರ್ ವೈಂಡಿಂಗ್ ಅಂಗಡಿ ಹತ್ತಿರ, ನನಗೆ ಹರಿಹರದ ಬಸ್ಸು ಸುಲಭ. ಸುಳ್ಳಿಗೆ ಮನೆ ಸಿಕ್ಕಿತು.

ನಮ್ಮ ಬೀದಿಯಲ್ಲಿ ಎಲ್ಲ ಥರದವರೂ ಇದ್ದರು. ನಮ್ಮ ಎಡಕ್ಕೆ ಮರಾಠಿ ಮಾತಾಡುವ ಹೊಲಿಗೆಯವರು, ಮೂಲೆಯಲ್ಲಿ ಉರ್ದು ಮಾತಾಡುವ ಆಟೋದವರು, ಅವರಾಚೆ ತೆಲುಗಿನವರು, ಎದುರಿಗೆ ದಿನಾ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆ ಮೇಲೆ ಕೂರುವ ಅಜ್ಜಿ. ನಳದಲ್ಲಿ ನೀರು ಬಿಟ್ಟ ದಿನ ಎಲ್ಲರೂ ಒಂದೇ ಸಲ ಬೀದಿಗೆ ಬರುತ್ತಿದ್ದರು. ಆಗ ನಾಲ್ಕು ಭಾಷೆಯಲ್ಲಿ ಜಗಳ, ನಗು, ‘ನಿಮ್ಮ ಮೋಟರ್ ಬಂದ್ ಮಾಡ್ರಿ’ ಅನ್ನುವ ಕೂಗು. ಹಬ್ಬದಲ್ಲಿ ಹೋಳಿಗೆ ಆ ಕಡೆ ಹೋಗುತ್ತಿತ್ತು, ಶೀರ್‌ಖುರ್ಮಾ ಈ ಕಡೆ ಬರುತ್ತಿತ್ತು. ಹೊರಗಿನವರು ನೋಡಿದರೆ ಎಷ್ಟು ಹೊಂದಿಕೊಂಡಿದ್ದಾರೆ ಅನ್ನಬೇಕು. ಆದರೆ ಬಾಡಿಗೆ ಬೋರ್ಡಿನ ಕೆಳಗೆ ನಿಂತಾಗ ಮಾತ್ರ ಎಲ್ಲರಿಗೂ ಅದೇ ಪ್ರಶ್ನೆ ಕಾದಿರುತ್ತಿತ್ತು. ಸ್ವಂತ ಮನೆ ಇದ್ದವರು ಬೀದಿಯಲ್ಲಿ ಬೆರೆತು ಬದುಕುತ್ತಿದ್ದರು, ಬಾಡಿಗೆಯವರು ಉಸಿರು ಬಿಗಿಹಿಡಿದುಕೊಂಡು ಬೆರೆಯುತ್ತಿದ್ದರು.

ನಾವೂ ಹಾಗೆಯೇ ಇದ್ದೆವು. ಅಣ್ಣ ಕೊಂಡಜ್ಜಿಯಿಂದ ಮೀನು ತಂದರೆ ನಾನು ಮೊದಲು ಮಾಡುತ್ತಿದ್ದ ಕೆಲಸ ಅಡುಗೆಮನೆ ಕಿಟಕಿ ಹಾಕುವುದು. ಊದುಬತ್ತಿ ಹಚ್ಚಿ, ಬಾಗಿಲ ಸಂದಿಗೆ ಹಳೆ ಟವೆಲ್ ಒತ್ತಿ, ಸೆಕೆಯಲ್ಲಿ ಬೆವರುತ್ತ ಸಾರು ಕುದಿಸುತ್ತಿದ್ದೆ. ಮಗಳು ಗೇಟಿನ ಹತ್ತಿರ ಹೋಗಿ ಮೂಗು ಎಳೆದು ನೋಡಿ ಬಂದು, ‘ವಾಸನೆ ಬರ್ತಿಲ್ಲಮ್ಮಾ’ ಎಂದು ವರದಿ ಕೊಡುತ್ತಿದ್ದಳು. ನಾವು ಮೂವರೂ ನಗುತ್ತಿದ್ದೆವು. ಆದರೂ ಗೇಟು ಕಿರ್ರೆಂದರೆ ಮಾಲೀಕರೇ ಬಂದರೇನೋ ಎಂದು ಎದ್ದು ನಿಲ್ಲುತ್ತಿದ್ದೆ.

ಒಂದು ವರ್ಷ ಕಳೆದ ಮೇಲೆ, ಏಪ್ರಿಲ್‌ನಲ್ಲಿ, ಮೇಲಿನ ಮನೆ ಖಾಲಿಯಾಯಿತು. ಮಾಲೀಕರು ಗೇಟಿಗೆ ತಮ್ಮ ಫೋನ್ ನಂಬರ್ ಬರೆದ ಬೋರ್ಡು ತೂಗುಹಾಕಿ, ಕೀಲಿಕೈ ನನ್ನ ಕೈಗೆ ಕೊಟ್ಟರು. ‘ನೋಡಮ್ಮಾ, ಬಂದೋರಿಗೆ ಮನೆ ತೋರಿಸು. ಒಳ್ಳೆ ಜನ ಅನ್ನಿಸಿದ್ರೆ ನನಗೊಂದು ಫೋನ್ ಮಾಡು.’ ಮಾಲೀಕರ ನಂಬಿಕೆ ಗಳಿಸಿದೆನಲ್ಲ ಎಂದು ನನಗೆ ಆಗ ಸ್ವಲ್ಪ ಹೆಮ್ಮೆಯೇ ಆಯಿತು.

ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ಆಟೋ ಬಂದು ನಿಂತಿತು. ಇಳಿದವರು ಇಬ್ಬರು ಹೆಂಗಸರು. ಒಬ್ಬರಿಗೆ ಮೂವತ್ತೈದರ ಸುಮಾರು, ಹತ್ತಿಯ ಸೀರೆ, ತಲೆ ಮೇಲೆ ಸೆರಗು. ಇನ್ನೊಬ್ಬರು ಅವರ ತಾಯಿ, ಕಪ್ಪು ಬುರ್ಖಾ, ಮಂಡಿ ನೋವಿನ ನಡಿಗೆ. ಮಗಳು ಹೈಸ್ಕೂಲಿನ ಗಣಿತದ ಟೀಚರು, ಚಳ್ಳಕೆರೆ ಕಡೆಯಿಂದ ಹರಿಹರಕ್ಕೆ ವರ್ಗವಾಗಿತ್ತು. ತಾಯಿಗೆ ದಾವಣಗೆರೆಯ ಆಸ್ಪತ್ರೆಗೆ ಆಗಾಗ ತೋರಿಸಬೇಕು, ಅದಕ್ಕೇ ಇಲ್ಲಿ ಮನೆ ಹುಡುಕುತ್ತಿದ್ದರು.

‘ಓನರ್‌ಗೆ ಫೋನ್ ಮಾಡಿದ್ದೆ ಅಕ್ಕ. ಹೋಗಿ ನೋಡ್ರಿ, ಕೆಳಗಿನ ಮನೆಯವ್ರು ತೋರಿಸ್ತಾರೆ ಅಂದ್ರು’ ಎಂದರು ಟೀಚರು. ಅವರ ಕನ್ನಡ ನನ್ನ ಕನ್ನಡಕ್ಕಿಂತ ಸ್ವಚ್ಛವಾಗಿತ್ತು. ಫೋನಿನಲ್ಲಿ ಮಾಲೀಕರಿಗೆ ಯಾಕೆ ಗೊತ್ತಾಗಲಿಲ್ಲ ಎಂದು ನನಗೆ ತಕ್ಷಣ ಹೊಳೆಯಿತು. ಆದರೂ ಮೇಲೆ ಕರೆದುಕೊಂಡು ಹೋದೆ. ತಾಯಿ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯ ಕಿಟಕಿ ತೆಗೆದರು. ‘ಗಾಳಿ ಚಲೋ ಬರ್ತೈತೆ ಬೇಟಾ’ ಎಂದರು. ಟೀಚರು ನಳ ತಿರುಗಿಸಿ ನೋಡಿದರು, ಗೋಡೆಯ ಮೊಳೆಗಳನ್ನು ನೋಡಿದರು, ಪುಸ್ತಕದ ಕಪಾಟು ಎಲ್ಲಿಡಬೇಕು ಎಂದು ಕೈಯಿಂದಲೇ ಅಳೆದರು. ‘ನಮಗೆ ಹಿಡಿಸ್ತು. ಓನರ್‌ಗೆ ಹೇಳ್ತೀರಾ?’

ನಾನು ಕೆಳಗೆ ಬಂದು ನಮ್ಮ ಅಡುಗೆಮನೆಯಲ್ಲಿ ನಿಂತು ಫೋನ್ ಮಾಡಿದೆ. ಮಾಲೀಕರು ಹೆಸರು ಕೇಳಿದರು. ಹೇಳಿದೆ. ಆ ಕಡೆ ಟಿ.ವಿ. ಸದ್ದು ಕಡಿಮೆ ಮಾಡಿದರು.

‘ಮನೆ ಕೊಟ್ಟಾಗೈತಿ ಅಂತ ಹೇಳಿಬಿಡಮ್ಮ.’

‘ಸರ್, ಟೀಚರಂತೆ... ಇಬ್ರೇ ಹೆಂಗಸ್ರು...’

‘ಇರ್ಲಿ, ಒಳ್ಳೆಯವ್ರೇ ಇರಬೋದು. ನಾ ಏನೂ ಅನ್ನಲ್ಲ. ಆದ್ರೆ ಮನೇಲಿ ಒಪ್ಪಲ್ಲ. ನಿಮ್ಮನ್ನ ಇಟ್ಕೊಳ್ಳೋವಾಗ್ಲೇ ನಮ್ಮನೆಯವ್ರು ಎಷ್ಟು ತಕರಾರು ಮಾಡಿದ್ರು ಗೊತ್ತಾ?’

ಆ ಕೊನೆಯ ಮಾತು ಕೇಳಿ ‘ಆತು ಸರ್’ ಎಂದು ಫೋನ್ ಇಟ್ಟೆ. ಹೊರಗೆ ಬಂದೆ. ಇಬ್ಬರೂ ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

‘ಓನರ್ ಈಗ ಹೇಳಿದ್ರು. ಬೆಳಿಗ್ಗೆನೇ ಯಾರಿಗೋ ಮಾತು ಕೊಟ್ಟಾರಂತೆ. ಮನೆ ಹೋತು.’

ಟೀಚರು ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದರು. ‘ಹೌದಾ? ಆತು ಬಿಡ್ರಿ’ ಎಂದು ತಾಯಿಯ ಕೈ ಹಿಡಿದುಕೊಂಡು ಆಟೋದ ಕಡೆ ಹೋದರು. ತಾಯಿ ಮಾತ್ರ ತಿರುಗಿ ನನಗೆ ಕೈಯೆತ್ತಿ ಹೋಗಿಬರ್ತೀನಿ ಅಂದರು.

ಗಂಡ ಬಂದ ಮೇಲೆ ಎಲ್ಲ ಹೇಳಿದೆ. ಅವರು ಕೈಗೆ ಮೆತ್ತಿದ್ದ ವಾರ್ನಿಷು ಸೀಮೆಎಣ್ಣೆಯಿಂದ ಒರೆಸಿಕೊಳ್ಳುತ್ತ, ‘ಮನೆ ನಮ್ದಾ? ಅವರು ಹೇಳಂದ್ರು, ನೀ ಹೇಳಿದೆ. ಅದನ್ನ ತಲೀಗೆ ಹಚ್ಕೋಬ್ಯಾಡ’ ಎಂದರು. ಸರಿಯಾದ ಮಾತೇ. ಆದರೆ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಇನ್ನೇನು ಅವರು ಈ ಕಡೆ ಬರುವುದಿಲ್ಲ, ನಾಲ್ಕು ದಿನಕ್ಕೆ ಮರೆತುಹೋಗುತ್ತದೆ ಎಂದುಕೊಂಡೆ.

ನಾಲ್ಕನೆಯ ದಿನ ನಮ್ಮ ಎದುರುಗಡೆ ಟೆಂಪೊ ಬಂದು ನಿಂತಿತು. ಹಿಂದಿನಿಂದ ಪುಸ್ತಕದ ಕಪಾಟು ಇಳಿಯಿತು, ಆಮೇಲೆ ಟೀಚರು ಇಳಿದರು.

ಎದುರುಮನೆಯ ಅಜ್ಜಿ ತಮ್ಮ ಮನೆಯ ಮುಂದಿನ ಎರಡು ಕೋಣೆ ಅವರಿಗೆ ಕೊಟ್ಟಿದ್ದರು. ಬೀದಿಯಲ್ಲಿ ಎಲ್ಲರಿಗಿಂತ ಮಡಿ ಮಾಡುವವರೇ ಆ ಅಜ್ಜಿ. ನನಗೆ ತಡೆಯಲಾಗಲಿಲ್ಲ, ಹೋಗಿ ಕೇಳಿಯೇಬಿಟ್ಟೆ. ಅಜ್ಜಿ ಕಟ್ಟೆ ಮೇಲೆ ಅಕ್ಕಿ ಆರಿಸುತ್ತಿದ್ದರು.

‘ಆ ಕೋಣಿಗೆ ಯಾರು ಬರ್ತಾರವ್ವ? ಬಚ್ಚಲು ಹೊರಗೈತೆ, ಮಳಿ ಬಂದ್ರ ಸೋರ್ತೈತೆ. ಈಕಿ ಕೇಳಿದ್ಲು, ಕೊಟ್ಟೆ. ಏನರ ಬೇಯಿಸ್ಕೊಳ್ರಿ, ನನ್ನ ದೇವರಕೋಣಿ ಕಡೆ ಕಿಟಕಿ ತೆಗೀಬ್ಯಾಡ್ರಿ ಅಂತ ಹೇಳೀನಿ. ಹೂಂ ಅಂದಾಳ.’ ಅಷ್ಟು ಹೇಳಿ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದರು. ಅವರದು ದೊಡ್ಡ ಮನಸ್ಸೋ ಬರಿ ಅನುಕೂಲವೋ ಎಂದು ನಾನು ಬಹಳ ದಿನ ಯೋಚಿಸಿದೆ. ಏನೇ ಇರಲಿ, ಅವರು ಸುಳ್ಳು ಹೇಳಿರಲಿಲ್ಲ.

ನಮ್ಮ ಗೇಟಿನ ಮೇಲೆ ಬೋರ್ಡು ಹಾಗೇ ತೂಗುತ್ತಿತ್ತು. ಟೀಚರು ಬಾಗಿಲು ತೆಗೆದರೆ ಮೊದಲು ಕಾಣುವುದೇ ಅದು. ಒಂದು ಬೆಳಿಗ್ಗೆ ನಾನು ಅದನ್ನು ಬಿಚ್ಚಿ ಒಳಗಿಟ್ಟೆ. ಎರಡು ದಿನಕ್ಕೆ ಮಾಲೀಕರು ಬಂದು, ‘ಬೋರ್ಡು ಎಲ್ಲಿ ಬಿತ್ತಮ್ಮ?’ ಎಂದು ತಾವೇ ಹುಡುಕಿ ತಂತಿ ಬಿಗಿದು ಕಟ್ಟಿಹೋದರು. ಆವತ್ತಿನಿಂದ ನಾನು ಕಿಟಕಿಯ ಪರದೆ ಸರಿಸಿ, ಎದುರು ಬಾಗಿಲು ಹಾಕಿದೆಯೋ ತೆಗೆದಿದೆಯೋ ನೋಡಿಕೊಂಡು ಹೊರಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಕಸ ಹಾಕಲು ಹೋದರೂ ಅಷ್ಟೇ, ಹಾಲಿಗೆ ಹೋದರೂ ಅಷ್ಟೇ. ನನ್ನ ಮನೆಯಿಂದ ನಾನೇ ಕದ್ದು ಹೊರಡುತ್ತಿದ್ದೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ನಾನು ಹರಿಹರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಅಂಕಪಟ್ಟಿ, ವರ್ಗಾವಣೆ ಪತ್ರ ಇಂಥವು ನನ್ನ ಮೇಜಿನವು. ದಿನಾ ಎಂಟೂವರೆ ಬಸ್ಸಿಗೆ ಹೋಗುತ್ತಿದ್ದವಳು ಎಂಟೂಕಾಲಿನದಕ್ಕೆ ಹೋಗತೊಡಗಿದೆ. ಒಂದು ವಾರ ಟೀಚರ ಕಣ್ಣು ತಪ್ಪಿಸಿದೆ. ಎರಡನೆಯ ವಾರ ಟೀಚರೂ ಎಂಟೂಕಾಲಿನ ಬಸ್ಸು ಹತ್ತಿದರು. ಬಸ್ಸಿನಲ್ಲಿ ನನ್ನ ಪಕ್ಕದ್ದೊಂದೇ ಸೀಟು ಖಾಲಿ.

‘ನೀವು ಹರಿಹರಕ್ಕೇನಾ ಅಕ್ಕ? ಚಲೋ ಆತು, ಜೊತೆ ಆತು’ ಎಂದು ಕೂತರು.

ದೊಡ್ಡಬಾತಿ ಬರುವವರೆಗೆ ನಾನು ಕಿಟಕಿಯ ಹೊರಗೇ ನೋಡಿದೆ. ಆಮೇಲೆ ಅವರೇ ಮಾತು ತೆಗೆದರು. ಹೊಸ ಶಾಲೆಯ ಮಕ್ಕಳು ಕಳೆಯುವ ಲೆಕ್ಕಕ್ಕೂ ಬೆರಳು ಎಣಿಸುತ್ತಾರೆ, ತಾಯಿಗೆ ಇಲ್ಲಿನ ನೀರು ಒಗ್ಗಿಲ್ಲ, ಅಜ್ಜಿ ಬೆಳಿಗ್ಗೆ ಐದಕ್ಕೇ ಎಬ್ಬಿಸುತ್ತಾರೆ. ಮಾತು ಮಾತಲ್ಲಿ ನನ್ನ ಮಗಳು ಎಂಟನೆಯ ಕ್ಲಾಸು, ಬೀಜಗಣಿತ ಅಂದರೆ ಅಳುತ್ತಾಳೆ ಎಂದು ನಾನೇ ಹೇಳಿಬಿಟ್ಟೆ.

‘ಕಳಿಸ್ರಿ ಸಂಜಿ ಮುಂದ. ಎದುರೇ ಐತಲ್ಲ.’

ಹೀಗೆ ನನ್ನ ಮಗಳು ದಿನಾ ಸಂಜೆ ಬೀದಿ ದಾಟಿ ಅವರ ಮನೆಗೆ ಹೋಗತೊಡಗಿದಳು. ಒಂದು ತಿಂಗಳಲ್ಲಿ ಅಳು ನಿಂತಿತು. ಅವರು ಏನೂ ತೆಗೆದುಕೊಳ್ಳಲು ಒಪ್ಪಲಿಲ್ಲ. ಅದರಿಂದ ನನ್ನ ಚಡಪಡಿಕೆ ಇನ್ನೂ ಹೆಚ್ಚಾಯಿತು. ಅಜ್ಜಿಯ ಮನೆಗೆ ನೆಲತೊಟ್ಟಿ ಇರಲಿಲ್ಲ. ನೀರು ಬಾರದ ದಿನ ನಮ್ಮ ತೊಟ್ಟಿಯಿಂದ ಪೈಪು ಎಳೆದು ಅವರ ಡ್ರಮ್ಮು ತುಂಬಿಸಿದೆ. ತಾಯಿಗೆ ಜೋಳದ ರೊಟ್ಟಿ ಇಷ್ಟ ಎಂದು ಗೊತ್ತಾಗಿ ವಾರಕ್ಕೆರಡು ಸಲ ಬಡಿದು ಕಳಿಸಿದೆ. ಟೀಚರಿಗೆ ರಜೆ ಇಲ್ಲದಾಗ ತಾಯಿಯನ್ನು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಆ ತಾಯಿ ನನ್ನ ಕೈ ತಮ್ಮ ತೊಡೆ ಮೇಲಿಟ್ಟುಕೊಂಡು, ‘ನೀನೂ ನನ್ನ ಬೇಟೀನೇ’ ಎಂದರು. ಕೈ ಬಿಡಿಸಿಕೊಂಡು ಓಡಿಹೋಗಬೇಕು ಅನ್ನಿಸಿತು.

ಒಂದು ದಿನ ಪೈಪು ಸುತ್ತುತ್ತಿದ್ದಾಗ ಟೀಚರು ಗೇಟಿನ ಹತ್ತಿರ ನಿಂತು ಕೇಳಿದರು. ‘ಯಾಕ ಅಕ್ಕ ಇಷ್ಟೆಲ್ಲ ಮಾಡ್ತೀರಿ?’

‘ಎದುರುಬದುರು ಅದೀವಿ, ಇಷ್ಟೂ ಮಾಡದಿದ್ರೆ ಹೆಂಗೆ?’

ಅವರು ನಕ್ಕರು. ಆಮೇಲೆ ದನಿ ತಗ್ಗಿಸಿ, ‘ಭಾನುವಾರ ನಿಮ್ಮನೆ ಮೀನಿನ ಸಾರು ಘಮ್ಮಂತೈತೆ ನೋಡ್ರಿ. ಅಮ್ಮೀ ನಮ್ಮ ಮನ್ಯಾಗ ಕೂತೇ ಹೇಳ್ತಾಳ, ಹುಣಸೆಹಣ್ಣು ಸ್ವಲ್ಪ ಕಡಿಮಿ ಆಗೈತೆ ಅಂತ’ ಎಂದರು.

ಟವೆಲ್ಲು, ಊದುಬತ್ತಿ, ಮುಚ್ಚಿದ ಕಿಟಕಿ ಎಲ್ಲ ನೆನಪಾಗಿ ನಾನು ಗೋಡೆ ಹಿಡಿದು ನಕ್ಕೆ. ನಗುತ್ತಲೇ, ‘ಓನರ್‌ಗೆ ಹೇಳ್ಬ್ಯಾಡ್ರಿ ಮತ್ತೆ’ ಅಂದೆ. ‘ನಾನ್ಯಾಕ ಹೇಳ್ಲಿ’ ಎಂದು ಅವರು ಬೀದಿ ದಾಟಿ ಹೋದರು. ನನ್ನ ಗುಟ್ಟು ಅವರಲ್ಲಿ ಭದ್ರವಾಗಿತ್ತು. ಅವರಿಗೆ ನಾನು ಮಾಡಿದ್ದು ನನ್ನೊಳಗೆ ಕೊರೆಯುತ್ತಿತ್ತು.

ದಸರೆಯ ಹೊತ್ತಿಗೆ ಮೇಲಿನ ಮನೆಗೆ ಬ್ಯಾಂಕಿನ ನೌಕರಿಯ ಗಂಡ ಹೆಂಡತಿ ಬಂದರು. ಅಲ್ಲಿಗೆ ಐದಾರು ತಿಂಗಳು ಆ ಮನೆ ಬೀಗ ಹಾಕಿಕೊಂಡೇ ಇತ್ತು. ಆ ವಾರವೇ ಒಂದು ಸಂಜೆ ಮಗಳು ಟ್ಯೂಶನ್ ಮುಗಿಸಿ ಬಂದು ಚಪ್ಪಲಿ ಬಿಡುತ್ತ ಕೇಳಿದಳು.

‘ಅಮ್ಮಾ, ಮಿಸ್ ಮೊದ್ಲು ನಮ್ಮ ಮೇಲಿನ ಮನೆ ನೋಡಾಕೆ ಬಂದಿದ್ರಂತೆ? ಅವರಮ್ಮ ಹೇಳಿದ್ರು, ಗಾಳಿ ಚಲೋ ಇತ್ತು ಅಂತ. ಖಾಲೀನೇ ಇತ್ತಲ್ಲ, ಯಾಕೆ ಕೊಡ್ಲಿಲ್ಲ?’

‘ಓನರ್ ಕೊಡ್ಲಿಲ್ಲ.’

‘ಯಾಕೆ?’

ನಾನು ಒಲೆಯ ಕಡೆ ತಿರುಗಿಕೊಂಡೆ. ಅವಳು ತಾನೇ ಉತ್ತರ ಹುಡುಕಿಕೊಂಡವಳ ಹಾಗೆ, ‘ಓ’ ಎಂದು ಒಳಗೆ ಹೋದಳು. ಆ ‘ಓ’ ನನ್ನನ್ನು ನಿಲ್ಲಗೊಡಲಿಲ್ಲ.

ಮರುದಿನ ಬಸ್ಸಿನಲ್ಲಿ, ದೊಡ್ಡಬಾತಿಯ ಹತ್ತಿರ, ಟೀಚರಿಗೆ ಹೇಳಿಬಿಟ್ಟೆ. ಮನೆ ಹೋಗಿರಲಿಲ್ಲ, ಮಾಲೀಕರು ಹಾಗೆ ಹೇಳು ಅಂದರು, ನಾನು ಹೇಳಿದೆ, ನಮ್ಮನ್ನೂ ಬಿಡಿಸಿಬಿಟ್ಟಾರು ಅಂತ ಹೆದರಿಕೆ ಇತ್ತು. ಎಲ್ಲ ಒಂದೇ ಉಸಿರಿನಲ್ಲಿ. ಅವರು ಬ್ಯಾಗು ಎದೆಗವಚಿಕೊಂಡು ಮುಂದೆ ನೋಡುತ್ತಿದ್ದರು.

‘ನನಗ ಅವತ್ತೇ ಗೊತ್ತಾತಲ್ಲ ಅಕ್ಕ. ಮನೆ ಹೋತು ಅಂದಾಗ ಕೀಲಿ ನಿಮ್ಮ ಕೈಯಾಗೇ ಇತ್ತು. ಬೆರಳಿಗೆ ಸಿಕ್ಕಿಸ್ಕೊಂಡು ತಿರುಗಿಸ್ತಿದ್ರಿ.’

‘ಗೊತ್ತಿದ್ದೂ ನನ್ನ ಜೊತೆ ಮಾತಾಡಿದ್ರಾ?’

‘ಮಾತಾಡದೆ ಏನು ಮಾಡ್ಲಿ? ಅದು ಏಳನೇ ಮನೆ. ಏಳು ಜನರ ಮ್ಯಾಲೂ ಸಿಟ್ಟು ಇಟ್ಕೊಂಡ್ರೆ ನಾನು ಯಾವ ಬೀದಿಯಾಗ ಇರ್ಲಿ?’ ಅವರ ದನಿ ಏರಲಿಲ್ಲ. ‘ನಿಮ್ಮ ಮ್ಯಾಲ ಸಿಟ್ಟು ಬರ್ಲಿಲ್ಲ ಅಂತ ಹೇಳಲ್ಲ. ಬಂತು. ಆಮೇಲೆ ನೀವು ನೀರು ಕೊಟ್ರಿ, ರೊಟ್ಟಿ ಕೊಟ್ರಿ. ಹೋಗ್ಲಿ, ಹೆಂಗೋ ಮರೆತಂಗ ಇದ್ದೆ. ಈಗ ಹೇಳಿ ನೀವು ಹಗುರಾದ್ರಿ. ನನಗೇನಾತು ಹೇಳ್ರಿ? ನಾನು ಮತ್ತೆ ಅದೇ ಮೆಟ್ಟಿಲ ಕೆಳಗ ಬಂದು ನಿಂತಂಗಾತು.’

ಮಾರನೆಯ ದಿನದಿಂದ ಅವರು ಎಂಟೂವರೆ ಬಸ್ಸಿಗೆ ಹೋದರು.

ಮಗಳ ಪಾಠ ಮಾತ್ರ ನಿಲ್ಲಲಿಲ್ಲ. ಅವಳನ್ನು ಯಾವತ್ತೂ ಬರಬೇಡ ಅನ್ನಲಿಲ್ಲ. ನಾನು ಕಳಿಸಿದ ರೊಟ್ಟಿಯ ಡಬ್ಬಿ ಮಾತ್ರ ತೊಳೆದು ಒಣಗಿಸಿ ಬರಿದಾಗಿ ವಾಪಸು ಬರುತ್ತಿತ್ತು. ಮೊದಲೆಲ್ಲ ಅದರಲ್ಲಿ ನಾಲ್ಕು ಖರ್ಜೂರವೋ ಒಂದು ತುಂಡು ಬೆಲ್ಲವೋ ಇರುತ್ತಿತ್ತು. ಎದುರು ಸಿಕ್ಕರೆ ‘ಊಟ ಆತಾ?’ ‘ಆತು’ ಅಷ್ಟೇ. ಅಜ್ಜಿ ಕಟ್ಟೆಯಿಂದ ನೋಡುತ್ತಿದ್ದವರು, ‘ಏನವ್ವ, ಇಬ್ರೂ ಬ್ಯಾರೆ ಬ್ಯಾರೆ ಬಸ್ಸು ಹಿಡಿಯಂಗ ಆಗೈತೆ?’ ಎಂದು ಕೇಳಿದರು. ನಾನು ಆಫೀಸಿನ ಟೈಮು ಬದಲಾಗಿದೆ ಎಂದೆ. ಮತ್ತೊಂದು ಸುಳ್ಳು. ಆ ಚಳಿಗಾಲ ಪೂರ್ತಿ ನನಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಆಫೀಸಿನಲ್ಲಿ ಬರೆದದ್ದನ್ನೇ ಬರೆಯುತ್ತಿದ್ದೆ, ಮನೆಯಲ್ಲಿ ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಗೇಟಿನಿಂದ ವಾಪಸು ಬರುತ್ತಿದ್ದೆ.

ಮಾರ್ಚಿನಲ್ಲಿ ಬ್ಯಾಂಕಿನವರಿಗೆ ವರ್ಗವಾಯಿತು. ಮಾಲೀಕರು ಫೋನ್ ಮಾಡಿದರು. ‘ಕೀಲಿ ನಿನ್ನ ಹತ್ರನೇ ಇಟ್ಕೋಮ್ಮ. ಈ ಸಲ ಮೊದ್ಲೇ ಯಾವ ಜನ ಅಂತ ಕೇಳಿ ಆಮೇಲೆ ಬೀಗ ತೆಗಿ. ಹೋದ ವರ್ಷದ ಫಜೀತಿ ಬ್ಯಾಡ.’

ಹೂಂ ಎಂದೆ. ಫೋನು ಇಟ್ಟ ಮೇಲೆ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಗೇಟಿಗೆ ಎಷ್ಟು ಸಲ ಓಡಾಡಿದೆನೋ. ಗಂಡ ಅಂಗಡಿಗೆ ಹೋಗಿದ್ದರು. ಯಾರನ್ನೂ ಕೇಳದೆ ಕೀಲಿ ತೆಗೆದುಕೊಂಡು ಆಟೋ ಹತ್ತಿ ನಿಜಲಿಂಗಪ್ಪ ಬಡಾವಣೆಗೆ ಹೋದೆ.

ಮಾಲೀಕರು ಗಿಡಗಳಿಗೆ ನೀರು ಬಿಡುತ್ತಿದ್ದರು. ‘ಬಾಮ್ಮ, ಬಾ’ ಎಂದು ಅದೇ ವರಾಂಡದಲ್ಲಿ ಕೂರಿಸಿದರು. ನಾನು ಕೀಲಿಯನ್ನು ಟೀಪಾಯಿಯ ಮೇಲಿಟ್ಟೆ.

‘ಸರ್, ಇದು ನನ್ನ ಕೈಲಾಗಲ್ಲ. ಬಂದೋರಿಗೆ ಜಾತಿ ಕೇಳಿ, ಸುಳ್ಳು ಹೇಳಿ ಕಳಿಸಾಕೆ ಬೇರೆ ಯಾರಿಗಾದ್ರೂ ಹೇಳ್ರಿ.’

‘ಅದಕ್ಕೆ ಇಷ್ಟು ಬೇಜಾರಾ? ಆತು, ಬ್ರೋಕರ್‌ಗೆ ಕೊಡ್ತೀನಿ ಬಿಡು’ ಎಂದರು. ಅಲ್ಲಿಗೆ ಎದ್ದು ಬರಬಹುದಿತ್ತು. ಬಾಗಿಲವರೆಗೆ ಹೋದವಳು ನಿಂತೆ.

‘ಇನ್ನೊಂದು ಮಾತು ಸರ್. ನಾವು ಮೀನು, ಮಾಂಸ ತಿಂತೀವಿ. ಬಂದ ದಿನದಿಂದಲೂ ತಿಂತಿದ್ವಿ. ಅವತ್ತು ಮನಿಗೋಸ್ಕರ ಇಲ್ಲ ಅಂದ್ವಿ.’

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದುಹೋಗಿ ಗಿಡಕ್ಕೆ ಬಿಟ್ಟಿದ್ದ ನೀರಿನ ನಳ ಬಂದ್ ಮಾಡಿ ಬಂದರು. ‘ನಮ್ಮನೆಯವ್ರಿಗೆ ಗೊತ್ತಾದ್ರೆ ನನ್ನ ಮಾತು ನಡಿಯಲ್ಲಮ್ಮ. ಮಗಳ ಪರೀಕ್ಷೆ ಮುಗೀಲಿ. ಮೇ ತಿಂಗಳಿಗೆ ಬೇರೆ ನೋಡ್ಕೊಳ್ರಿ’ ಎಂದರು. ಚಹಾ ಕುಡಿದು ಹೋಗು ಎಂದೂ ಹೇಳಿದರು.

ಗಂಡನ ಸಿಟ್ಟು ಮಾತ್ರ ದೊಡ್ಡದಿತ್ತು. ‘ಯಾರು ಕೇಳಿದ್ರು ನಿನ್ನ? ಕೀಲಿ ಕೊಟ್ಟು ಬಂದಿದ್ರೆ ಸಾಕಿತ್ತು. ನಿನ್ನ ಮನಸ್ಸು ತಣ್ಣಗಾಗಾಕೆ ಮೂರೂ ಜನನ್ನ ಬೀದಿಗೆ ನಿಲ್ಸಿದೆ.’ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅವರ ಮಾತಲ್ಲೂ ತಪ್ಪಿರಲಿಲ್ಲ. ಟೀಚರು ಬಸ್ಸಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ಆ ಭಾನುವಾರ ನಾನು ಅಡುಗೆಮನೆಯ ಕಿಟಕಿ ತೆಗೆದಿಟ್ಟು ಮೀನು ಹುರಿದೆ. ಗಂಡ ಬಂದು ಕಿಟಕಿ ನೋಡಿದರು, ನನ್ನ ನೋಡಿದರು, ತಟ್ಟೆ ತೆಗೆದುಕೊಂಡು ಕೂತರು.

ಆಮೇಲೆ ಮನೆ ಹುಡುಕುವ ಕೆಲಸ. ಕೆಲವು ಬೋರ್ಡಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ ಅದು. ಕೆಲವರು ಮನೆ ಪೂರ್ತಿ ತೋರಿಸಿ, ಸಂಪಿನ ಮುಚ್ಚಳ ತೆಗೆದು ತೋರಿಸಿ, ಕೊನೆಗೆ ಕೇಳಿದರು. ಒಂದು ಕಡೆ ನನ್ನ ವಯಸ್ಸಿನವಳೇ ಒಬ್ಬಳು ಒಳಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು, ‘ಮನೆ ಹೋತಂತೆ ರೀ’ ಎಂದಳು. ನಾನು ನನಗೇ ತಿಳಿಯದಂತೆ ಅವಳ ಕೈ ನೋಡಿದೆ. ಅವಳು ಕೈ ಸೆರಗಿನೊಳಗೆ ಎಳೆದುಕೊಂಡಳು. ಅವಳ ಮೇಲೆ ಸಿಟ್ಟು ಬಂತು. ಕನಿಕರವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

ಕೊನೆಗೆ ಪಕ್ಕದ ಮರಾಠಿ ಹೊಲಿಗೆಯವರೇ ಹಿಂದಿನ ಬೀದಿಯಲ್ಲಿದ್ದ ತಮ್ಮ ಹಳೆಯ ಮನೆ ಕೊಟ್ಟರು. ಚಿಕ್ಕದು, ಅಡುಗೆಮನೆಗೆ ತಗಡಿನ ಮಾಡು. ‘ಏನು ತಿಂತೀರೋ ತಿನ್ರಿ ವೈನಿ, ಮಾಡಿನ ಮ್ಯಾಲ ಹತ್ತಬ್ಯಾಡ್ರಿ ಅಷ್ಟೆ, ತಗಡು ಹಳೇದು’ ಎಂದರು ಹೊಲಿಗೆಯವರು.

ಮನೆ ಯಾಕೆ ಬಿಡುತ್ತಿದ್ದೇವೆ ಎಂದು ನಾನು ಟೀಚರಿಗೆ ಹೇಳಲಿಲ್ಲ. ಹೇಳಿ ಹಗುರಾಗುವ ಆಸೆಗೆ ಒಮ್ಮೆ ಬಿದ್ದದ್ದು ಸಾಕಾಗಿತ್ತು. ಆದರೆ ಮಗಳಿಂದ ಅವರಿಗೆ ತಿಳಿಯಿತು. ಏಪ್ರಿಲ್‌ನ ಒಂದು ಬೆಳಿಗ್ಗೆ ಎಂಟೂಕಾಲಿನ ಬಸ್ಸು ಹತ್ತಿದರೆ ಅವರು ಅಲ್ಲಿ ಕೂತಿದ್ದರು. ಪಕ್ಕದ ಸೀಟಿನ ಮೇಲಿದ್ದ ಬ್ಯಾಗು ತೆಗೆದು ತೊಡೆ ಮೇಲಿಟ್ಟುಕೊಂಡರು. ಕೂತೆ.

‘ಮನೆ ಬಿಡಿಸಿದ್ರಂತೆ?’

‘ಹೂಂ.’

‘ನನ್ನ ಸಲುವಾಗಿ ಬಿಡಿಸಿದ್ರು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಬ್ಯಾಡ್ರಿ ಮತ್ತೆ.’

‘ಇಲ್ಲ ಬಿಡ್ರಿ. ಮೀನಿನ ಸಲುವಾಗಿ.’

ಅವರಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ಅದು ಬರಿ ನಗುವಿನದೋ, ಬೇರೆ ಏನಾದರೂ ಸೇರಿತ್ತೋ ನಾನು ಕೇಳಲಿಲ್ಲ. ಹರಿಹರದಲ್ಲಿ ಇಳಿಯುವಾಗ, ‘ಹೊಸ ಮನಿ ನೋಡಾಕೆ ಅಮ್ಮೀ ಬರ್ಬೇಕಂತಾಳ’ ಎಂದು ಮಾತ್ರ ಹೇಳಿದರು.

ಜೂನ್‌ನ ಒಂದು ಭಾನುವಾರ ತಾಯಿ ಮಗಳು ಬಂದರು. ಶನಿವಾರದಿಂದಲೇ ನಾನು ನಿಂತಲ್ಲಿ ನಿಂತಿರಲಿಲ್ಲ. ನೆಲ ಎರಡು ಸಲ ಒರೆಸಿದೆ, ಕುರ್ಚಿ ಆ ಕಡೆ ಇಟ್ಟೆ, ಈ ಕಡೆ ಇಟ್ಟೆ. ಹನ್ನೊಂದಕ್ಕೆ ಬರುತ್ತೇವೆ ಅಂದವರು ಹನ್ನೆರಡೂವರೆಗೆ ಬಂದರು. ತಾಯಿಯ ಮಂಡಿ ನೋವು ಹೆಚ್ಚಾಗಿತ್ತು. ಊಟ ಮಾಡಿದರು, ಹುಣಸೆಹಣ್ಣು ಈಗ ಸರಿಯಾಗಿದೆ ಎಂದರು, ತಗಡಿನ ಮಾಡು ನೋಡಿ ಮಳೆಗಾಲದಲ್ಲಿ ಸದ್ದಾಗುತ್ತದೆ ಎಂದರು. ಆಮೇಲೆ ಕುರ್ಚಿಯಲ್ಲೇ ಒರಗಿ ನಿದ್ದೆಹೋದರು. ನನ್ನ ಮಗಳು ಒಳಗೆ ಓದುತ್ತಿದ್ದಳು. ಗಂಡ ಅಂಗಡಿಗೆ ಹೋದರು.

ಟೀಚರು ಚೀಲದಿಂದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ತೆಗೆದು ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತರು. ‘ನಾಳೆ ಕೊಡಬೇಕು ಅಕ್ಕ, ಬೇಜಾರಿಲ್ಲ ಅಲ್ಲ?’ ಎಂದು ಕೆಂಪು ಪೆನ್ನು ತೆಗೆದರು. ಮೊದಲಿನ ಹಾಗೆ ಆಗಿದ್ದೇವೋ ಇಲ್ಲವೋ ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ನಾನು ಎದ್ದು ಫ್ಯಾನು ಜೋರು ಮಾಡಿದೆ. ಹಾಳೆ ಹಾರಿದವು, ಮತ್ತೆ ನಿಧಾನ ಮಾಡಿದೆ. ಚಹಾಕ್ಕೆ ಇಡಲಾ ಎಂದೆ. ಮಜ್ಜಿಗೆ ತರಲಾ ಎಂದೆ. ಪರದೆ ಸರಿಸಿದೆ.

‘ಒಂದು ಕಡೆ ಕೂಡ್ರಿ ಅಕ್ಕ ಸ್ವಲ್ಪ’ ಎಂದರು ಅವರು, ತಲೆ ಎತ್ತದೆ.

ಕೂತೆ. ಅವರು ನೋಡಿ ಮುಗಿಸಿದ್ದ ಹತ್ತು ಹನ್ನೆರಡು ಪತ್ರಿಕೆ ನನ್ನ ಕಡೆ ತಳ್ಳಿದರು. ‘ಅಂಕ ಕೂಡಿಸಿದ್ದು ಸರಿ ಐತಾ ನೋಡ್ರಿ. ನಿಮ್ಮ ಕೆಲಸಾನೇ ಅದು, ಅಲ್ಲೇನ್ರಿ?’ ನಾನು ಒಂದೊಂದೇ ಪುಟ ತಿರುವಿ ಕೂಡಿಸುತ್ತ ಹೋದೆ. ಐದನೆಯದರಲ್ಲಿ ಎರಡು ಅಂಕ ಬಿಟ್ಟುಹೋಗಿತ್ತು. ತೋರಿಸಿದೆ. ಅವರು ಪುಟ ತಿರುವಿ ನೋಡಿದರು, ಹಳೆಯ ಅಂಕದ ಮೇಲೆ ಗೀಟು ಎಳೆದು ಹೊಸದು ಬರೆದರು, ಮುಂದಿನ ಪತ್ರಿಕೆ ಕೈಗೆ ತೆಗೆದುಕೊಂಡರು.